ಬಿಟಿಯು, ಟನ್, ಕಿಲೋಕ್ಯಾಲೊರಿ, ಕಿಲೋವ್ಯಾಟ್: ಒಂದನ್ನು ಇನ್ನೊಂದಕ್ಕೆ ಬದಲಿಸುವ ಸಮಗ್ರ ಮಾರ್ಗದರ್ಶಿ

ಗಂಗಾವತಿ ಕಡೆಯ ಯಾವುದಾದರೂ ರೈಸ್ ಮಿಲ್ಲಿಗೆ ಹೋಗಿ ಯಂತ್ರಗಳ ಮೇಲಿನ ಪ್ಲೇಟ್‌ಗಳನ್ನು ಓದಿ ನೋಡಿ. ಬಾಯ್ಲರ್ ಮೇಲೆ ಗಂಟೆಗೆ ಇಷ್ಟು ಟನ್ ಸ್ಟೀಮ್ ಅಂತ ಇರುತ್ತದೆ. ಡ್ರೈಯರ್ ಕೊಟೇಶನ್‌ನಲ್ಲಿ ಲಕ್ಷ ಕಿಲೋಕ್ಯಾಲೊರಿ. ಮೋಟಾರ್ ಮೇಲೆ ಎಚ್‌ಪಿ. ಆಫೀಸಿನ ಎಸಿಯನ್ನು ಮಾರುವವನು ಟನ್ ಅಂತಾನೆ, ಅದರ ಮ್ಯಾನುಯಲ್ ಬಿಟಿಯು (ಬ್ರಿಟಿಷ್ ಥರ್ಮಲ್ ಯೂನಿಟ್) ಅನ್ನುತ್ತದೆ, ಅದೇ ಎಸಿಯ ಸ್ಟಾರ್ ಲೇಬಲ್ ವ್ಯಾಟ್ ಅನ್ನುತ್ತದೆ. ಎಲ್ಲವೂ ಪವರ್‌ನದೇ ಅಳತೆ. ಆದರೆ ಎರಡು ಕೊಟೇಶನ್ ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದು ಅಂತ ನೋಡಲು ಹೋದರೆ ತಲೆ ಕೆಡುತ್ತದೆ.

ಗುಣಾಕಾರ, ಭಾಗಾಕಾರ ಮೊಬೈಲ್ ಮಾಡಿಕೊಡುತ್ತದೆ, ಅದರಲ್ಲಿ ಕಷ್ಟ ಏನಿಲ್ಲ. ದುಡ್ಡು ಹೋಗುವುದು ಬೇರೆ ಕಡೆ. ಆ ಅಂಕಿ ಒಳಗೆ ಹೋಗುವ ಶಾಖದ್ದಾ, ಹೊರಗೆ ಬರುವುದರದ್ದಾ, ಅಥವಾ ಕರೆಂಟಿನದ್ದಾ ಅಂತ ಕೇಳದೆ ಸುಮ್ನೆ ಬದಲಿಸಿಬಿಡುತ್ತೇವೆ. ಹಾಗಾಗಿ ಈ ಬರಹದಲ್ಲಿ ಅಂಕಿಗಳು ಅರ್ಧ, ಆ ಪ್ರಶ್ನೆ ಅರ್ಧ.

ಮೊದಲು ಇದು ಖಚಿತವಾಗಲಿ: ಶಾಖ ಬೇರೆ, ಶಾಖ ಹರಿಯುವ ವೇಗ ಬೇರೆ

ತುಂಗಭದ್ರಾ ಡ್ಯಾಮಿನಲ್ಲಿ ಎಷ್ಟು ನೀರಿದೆ ಅಂತ ಕೇಳಿದರೆ ಟಿಎಂಸಿಯಲ್ಲಿ ಹೇಳುತ್ತೇವೆ. ಎಡದಂಡೆ ಕಾಲುವೆಗೆ ಎಷ್ಟು ಬಿಟ್ಟಿದ್ದಾರೆ ಅಂದರೆ ಕ್ಯೂಸೆಕ್. ಟಿಎಂಸಿಯನ್ನು ಕ್ಯೂಸೆಕ್‌ಗೆ ಬದಲಿಸಿ ಅಂದರೆ ಸಿಂಧನೂರಿನ ರೈತ ನಗುತ್ತಾನೆ, ಎಷ್ಟು ದಿನದಲ್ಲಿ ಅಂತ ಹೇಳದೆ ಅದು ಆಗುವ ಮಾತಲ್ಲ. ಶಾಖದಲ್ಲೂ ಅಷ್ಟೇ. ಕಿಲೋಕ್ಯಾಲೊರಿ, ಬಿಟಿಯು, ಕಿಲೋವ್ಯಾಟ್-ಅವರ್ (ನಮ್ಮ ಬಿಲ್ಲಿನ ಯೂನಿಟ್) ಇವು ಟಿಎಂಸಿ ಜಾತಿ. ಕಿಲೋಕ್ಯಾಲೊರಿ ಪ್ರತಿ ಗಂಟೆಗೆ, ಬಿಟಿಯು ಪ್ರತಿ ಗಂಟೆಗೆ, ಕಿಲೋವ್ಯಾಟ್, ಎಚ್‌ಪಿ, ಎಸಿಯ ಟನ್ ಇವು ಕ್ಯೂಸೆಕ್ ಜಾತಿ. ಕ್ಯೂಸೆಕ್ ಮುಂದೆ ಯಾರೂ "ಸೆಕೆಂಡಿಗೆ" ಅಂತ ಸೇರಿಸುವುದಿಲ್ಲ, ಅದು ಒಳಗೇ ಇದೆ. ಕಿಲೋವ್ಯಾಟ್ ಕೂಡ ಹಾಗೆಯೇ, ಸೆಕೆಂಡಿಗೆ ಒಂದು ಕಿಲೋಜೂಲ್. "ಗಂಟೆಗೆ ಇಷ್ಟು ಕಿಲೋವ್ಯಾಟ್" ಅಂತ ಯಾರಾದರೂ ಬರೆದುಕೊಟ್ಟರೆ ಆ ಕಾಗದವನ್ನು ಸ್ವಲ್ಪ ಅನುಮಾನದಿಂದ ನೋಡಿ.

ಇಲ್ಲಿ ಒಂದು ತೊಂದರೆ ಇದೆ. ಕ್ಯಾಟಲಾಗ್‌ಗಳಲ್ಲಿ "ಗಂಟೆಗೆ" ಅನ್ನುವುದನ್ನು ನುಂಗಿಬಿಡುತ್ತಾರೆ. "18,000 ಬಿಟಿಯು ಎಸಿ" ಅಂದರೆ ಗಂಟೆಗೆ 18,000 ಬಿಟಿಯು. "2 ಲಕ್ಷ ಕಿಲೋಕ್ಯಾಲೊರಿ ಹೀಟರ್" ಅಂದರೂ ಗಂಟೆಗೆ ಅಂತಲೇ ಓದಿಕೊಳ್ಳಬೇಕು. ಆದರೆ "ಈ ಹೊಟ್ಟು 3,000 ಕಿಲೋಕ್ಯಾಲೊರಿ" ಅಂದಾಗ ಅದು ಕೆಜಿಗೆ, ಗಂಟೆಗೆ ಅಲ್ಲ. ಯಂತ್ರದ ಅಂಕಿಗೆ ಗಂಟೆ, ಉರುವಲಿನ ಅಂಕಿಗೆ ಕೆಜಿ ಅಂತ ನೆನಪಿಟ್ಟುಕೊಂಡರೆ ಬಹುತೇಕ ಸರಿ ಹೋಗುತ್ತದೆ.

ಬಾಯಿಪಾಠ ಮಾಡಬೇಕಾದ ಅಂಕಿಗಳು

ಜಾಸ್ತಿ ಇಲ್ಲ. ಇವನ್ನು ಮೊಬೈಲ್ ನೋಟ್ಸ್‌ನಲ್ಲಿ ಹಾಕಿಕೊಳ್ಳಿ:

1 ಕಿಲೋವ್ಯಾಟ್ = ಗಂಟೆಗೆ 860 ಕಿಲೋಕ್ಯಾಲೊರಿ
1 ಕಿಲೋವ್ಯಾಟ್ = ಗಂಟೆಗೆ 3,412 ಬಿಟಿಯು
1 ಕಿಲೋವ್ಯಾಟ್ = ಗಂಟೆಗೆ 3.6 ಮೆಗಾಜೂಲ್
1 ಟನ್ ರೆಫ್ರಿಜರೇಶನ್ (ಟಿಆರ್) = 3.517 ಕಿಲೋವ್ಯಾಟ್ = ಗಂಟೆಗೆ 12,000 ಬಿಟಿಯು = ಗಂಟೆಗೆ 3,024 ಕಿಲೋಕ್ಯಾಲೊರಿ
1 ಎಚ್‌ಪಿ = 0.746 ಕಿಲೋವ್ಯಾಟ್
1 ಬಾಯ್ಲರ್ ಎಚ್‌ಪಿ = 9.81 ಕಿಲೋವ್ಯಾಟ್
ಗಂಟೆಗೆ 1 ಟನ್ ಸ್ಟೀಮ್ (100 ಡಿಗ್ರಿ ನೀರಿನಿಂದ 100 ಡಿಗ್ರಿ ಹಬೆ) = 627 ಕಿಲೋವ್ಯಾಟ್ = ಗಂಟೆಗೆ ಸುಮಾರು 5.4 ಲಕ್ಷ ಕಿಲೋಕ್ಯಾಲೊರಿ

860 ಎಲ್ಲಿಂದ ಬಂತು? ಗಂಟೆಗೆ 3,600 ಸೆಕೆಂಡ್, ಒಂದು ಕಿಲೋಕ್ಯಾಲೊರಿಗೆ 4.1868 ಕಿಲೋಜೂಲ್. ಭಾಗಿಸಿದರೆ 859.85. ಕೆಲವರು ಕ್ಯಾಲೊರಿಗೆ 4.184 ಹಿಡಿಯುತ್ತಾರೆ, ಆಗ 860.4 ಬರುತ್ತದೆ. ಎರಡು ವೆಬ್‌ಸೈಟ್ ಎರಡು ಉತ್ತರ ಕೊಡುವುದಕ್ಕೆ ಇದೇ ಕಾರಣ. ನಮ್ಮ ಹೊಟ್ಟಿನ ತೇವಾಂಶ ಒಂದು ಲೋಡಿಗೂ ಇನ್ನೊಂದು ಲೋಡಿಗೂ ಎಷ್ಟೋ ಬದಲಾಗುವಾಗ ಈ ದಶಾಂಶಕ್ಕೆ ಜಗಳ ಆಡುವುದರಲ್ಲಿ ಅರ್ಥ ಇಲ್ಲ. 860 ಹಿಡಿಯಿರಿ ಸಾಕು.

ಬದಲಿಸುವ ಕ್ರಮ

ಯಾವ ಅಳತೆಯಲ್ಲಿ ಬಂದರೂ ಮೊದಲು ಕಿಲೋವ್ಯಾಟ್‌ಗೆ ತನ್ನಿ. ಅಲ್ಲಿಂದ ಬೇಕಾದ ಅಳತೆಗೆ ಹೋಗಿ. ಬಿಟಿಯುನಿಂದ ನೇರವಾಗಿ ಕಿಲೋಕ್ಯಾಲೊರಿಗೆ, ಟನ್‌ನಿಂದ ನೇರವಾಗಿ ಎಚ್‌ಪಿಗೆ ಅಂತ ಹೋದರೆ ನೆನಪಿಡಬೇಕಾದ ಅಂಕಿಗಳು ರಾಶಿ ಆಗುತ್ತವೆ, ಗುಣಿಸಬೇಕಾದಲ್ಲಿ ಭಾಗಿಸಿಬಿಡುತ್ತೇವೆ. ಕಿಲೋವ್ಯಾಟ್ ಮಧ್ಯದಲ್ಲಿದ್ದರೆ ಒಂದೇ ನಿಯಮ. ಒಳಗೆ ಬರುವಾಗ ಭಾಗಿಸಿ, ಹೊರಗೆ ಹೋಗುವಾಗ ಗುಣಿಸಿ. ಟಿಆರ್, ಎಚ್‌ಪಿ, ಸ್ಟೀಮ್ ಟನ್ ಇವು ಒಂದು ಕಿಲೋವ್ಯಾಟ್‌ಗೆ ಎಷ್ಟು ಅಂತಲ್ಲ, ತಮ್ಮೊಳಗೆ ಎಷ್ಟು ಕಿಲೋವ್ಯಾಟ್ ಅಂತ ಪಟ್ಟಿಯಲ್ಲಿವೆ, ಹಾಗಾಗಿ ಅವಕ್ಕೆ ಉಲ್ಟಾ.

ಒಂದು ಲೆಕ್ಕ ಮಾಡೋಣ. ಬಳ್ಳಾರಿಯ ಜೀನ್ಸ್ ವಾಷಿಂಗ್ ಯೂನಿಟ್ ಒಂದಕ್ಕೆ ಹೊರದೇಶದ ಸೆಕೆಂಡ್ ಹ್ಯಾಂಡ್ ಡ್ರೈಯರ್ ಬಂದಿದೆ ಅಂದುಕೊಳ್ಳಿ. ಬರ್ನರ್ ಪ್ಲೇಟ್ ಮೇಲೆ ಗಂಟೆಗೆ 250,000 ಬಿಟಿಯು ಅಂತ ಇದೆ. ನಿಮಗೆ ಬೇಕಿರುವುದು ಗಂಟೆಗೆ ಎಷ್ಟು ಕೆಜಿ ಗ್ಯಾಸ್ ಅನ್ನುವುದು.

250,000 ÷ 3,412 = 73.3 ಕಿಲೋವ್ಯಾಟ್. ಅದನ್ನು 860ರಿಂದ ಗುಣಿಸಿ, ಗಂಟೆಗೆ ಸುಮಾರು 63,000 ಕಿಲೋಕ್ಯಾಲೊರಿ. ಎಲ್‌ಪಿಜಿ ಒಂದು ಕೆಜಿಗೆ ಸುಮಾರು 11,000 ಕಿಲೋಕ್ಯಾಲೊರಿ ಅಂತ ಹಿಡಿದರೆ ಗಂಟೆಗೆ 5.7 ಕೆಜಿ. 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಮೂರು ಗಂಟೆ ಚಿಲ್ಲರೆಯಲ್ಲಿ ಖಾಲಿ, ಅದೂ ಬರ್ನರ್ ಒಂದೇ ಸಮನೆ ಪೂರ್ತಿ ಉರಿದರೆ. ಈ ಒಂದು ಸಾಲಿನ ಲೆಕ್ಕ ಯಂತ್ರ ಇಳಿಸಿಕೊಳ್ಳುವ ಮುಂಚೆ ಮಾಡಬೇಕು, ಆಮೇಲಲ್ಲ.

ಪ್ಲೇಟ್ ಓದುವಾಗ ಅಲ್ಪವಿರಾಮದ ಮೇಲೂ ಕಣ್ಣಿರಲಿ. 250,000 ಅಂದರೆ ನಮ್ಮ 2,50,000, ಅಂದರೆ ಎರಡೂವರೆ ಲಕ್ಷ. ಇಟಲಿ, ಜರ್ಮನಿ ಯಂತ್ರಗಳಲ್ಲಿ 23,5 ಅಂತ ಇದ್ದರೆ ಅದು ಇಪ್ಪತ್ಮೂರೂವರೆ, 235 ಅಲ್ಲ.

ಇನ್ನೊಂದು, ಎಂ ಅನ್ನುವ ಅಕ್ಷರ. ಅಮೆರಿಕದ ಹಳೆಯ ರೂಢಿಯಲ್ಲಿ ಬಿಟಿಯು ಮುಂದೆ ಒಂದು ಎಂ ಇದ್ದರೆ ಸಾವಿರ, ಎರಡು ಎಂ ಇದ್ದರೆ ಹತ್ತು ಲಕ್ಷ. ರೋಮನ್ ಅಂಕಿಯಲ್ಲಿ ಎಂ ಅಂದರೆ ಸಾವಿರ, ಅಲ್ಲಿಂದ ಬಂದಿದ್ದು. ಆದರೆ ಕಿಲೋವ್ಯಾಟ್ ಕುಟುಂಬದಲ್ಲಿ ಎಂ ಅಂದರೆ ಮೆಗಾ, ಹತ್ತು ಲಕ್ಷ. ಒಂದೇ ಕೊಟೇಶನ್‌ನಲ್ಲಿ ಎರಡೂ ಬಂದರೆ ಸಾವಿರ ಪಟ್ಟು ತಪ್ಪಾಗಬಹುದು. ಗಂಟೆಗೆ ಒಂದು ಎಂಎಂಬಿಟಿಯು ಅಂದರೆ 293 ಕಿಲೋವ್ಯಾಟ್, ಅಥವಾ ಗಂಟೆಗೆ 2.52 ಲಕ್ಷ ಕಿಲೋಕ್ಯಾಲೊರಿ. ಗಿಗಾಕ್ಯಾಲೊರಿ ಅಂತ ಕಂಡರೆ ಗಂಟೆಗೆ ಹತ್ತು ಲಕ್ಷ ಕಿಲೋಕ್ಯಾಲೊರಿ, 1,163 ಕಿಲೋವ್ಯಾಟ್.

ಎಸಿಯ ಟನ್

ರಾಯಚೂರಿನ ಮೇ ತಿಂಗಳ ಬಗ್ಗೆ ನಾನೇನೂ ಹೇಳಬೇಕಿಲ್ಲ. ಎಸಿ ಅಂಗಡಿಯಲ್ಲಿ "ಒಂದೂವರೆ ಟನ್" ಅಂದಾಗ ಅದು ಎಸಿಯ ತೂಕ ಅಲ್ಲ ಅಂತ ಎಲ್ಲರಿಗೂ ಗೊತ್ತು, ಆದರೆ ಯಾವ ಟನ್ ಅಂತ ಕೇಳಿದರೆ ಮಾರುವವನೂ ಸುಮ್ಮನಾಗುತ್ತಾನೆ. ಅದು ಮಂಜುಗಡ್ಡೆಯ ಟನ್. ಅಮೆರಿಕದ ಒಂದು ಟನ್, ಅಂದರೆ 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರಿಕೊಳ್ಳುತ್ತದೋ ಅಷ್ಟು. ಒಂದು ಪೌಂಡ್ ಕರಗಲು 144 ಬಿಟಿಯು. 2,000 × 144 = 288,000, ಅದನ್ನು 24ರಿಂದ ಭಾಗಿಸಿದರೆ 12,000. ಫ್ರಿಜ್ ಬರುವ ಮುಂಚೆ ಮಂಜುಗಡ್ಡೆ ಮಾರಿಯೇ ತಂಪು ಮಾಡುತ್ತಿದ್ದ ಕಾಲದ ಅಳತೆ ಇನ್ನೂ ನಮ್ಮ ಗೋಡೆ ಮೇಲೆ ನೇತಾಡುತ್ತಿದೆ.

ಒಂದೂವರೆ ಟನ್ ಅಂದರೆ 1.5 × 3.517 = 5.28 ಕಿಲೋವ್ಯಾಟ್. ಈಗ ಲೇಬಲ್ ನೋಡಿ. ಕೂಲಿಂಗ್ ಕೆಪಾಸಿಟಿ 5,000 ವ್ಯಾಟ್ ಅಂತ ಇದ್ದರೆ 5,000 ÷ 3,517 = 1.42 ಟನ್. 4,800 ಇದ್ದರೆ 1.36. ಎರಡನ್ನೂ ಒಂದೂವರೆ ಟನ್ ಅಂತಲೇ ಮಾರುತ್ತಾರೆ. ಹಾಗಾಗಿ ಎರಡು ಕಂಪನಿ ಎಸಿ ಹೋಲಿಸುವಾಗ ಟನ್ ಬಿಟ್ಟುಬಿಡಿ, ವ್ಯಾಟ್ ನೋಡಿ. ಒಂದು ಸಾವಿರ ರೂಪಾಯಿ ಕಡಿಮೆ ಇರುವುದು ಯಾಕೆ ಅಂತ ಅಲ್ಲೇ ಗೊತ್ತಾಗುತ್ತದೆ.

ಈ 5 ಕಿಲೋವ್ಯಾಟ್ ಮೀಟರ್‌ನಲ್ಲಿ ಓಡುವುದಲ್ಲ. ಇದು ಕೋಣೆಯಿಂದ ಹೊರಗೆ ಸಾಗಿಸುವ ಶಾಖ. ಅದನ್ನು ಸಾಗಿಸಲು ಬೇಕಾಗುವ ಕರೆಂಟು ಬೇರೆ, ಅದನ್ನು ಪ್ಲೇಟ್‌ನಲ್ಲಿ ಇನ್‌ಪುಟ್ ಪವರ್ ಅಂತ ಬರೆದಿರುತ್ತಾರೆ, ಒಂದೂವರೆ ಕಿಲೋವ್ಯಾಟ್ ಆಸುಪಾಸು. ಸ್ಟೆಬಿಲೈಜರ್, ವೈರ್, ಜನರೇಟರ್ ಎಲ್ಲಕ್ಕೂ ಇನ್‌ಪುಟ್ ಅಂಕಿ ಹಿಡಿಯಬೇಕು. ಕೋಣೆ ತಂಪಾಗುತ್ತದಾ ಅಂತ ನೋಡಲು ಕೂಲಿಂಗ್ ಅಂಕಿ. ಎರಡನ್ನೂ ವ್ಯಾಟ್‌ನಲ್ಲೇ ಬರೆದಿರುವುದರಿಂದ ಬಹಳ ಜನ ಇಲ್ಲೇ ಎಡವುತ್ತಾರೆ. ಹಾಗೇ ಯಾರಾದರೂ "ಎರಡು ಎಚ್‌ಪಿ ಕಂಪ್ರೆಸರ್" ಅಂದರೆ ಅದು ಮೋಟಾರ್ ಅಳತೆ, 1.49 ಕಿಲೋವ್ಯಾಟ್. ಅದನ್ನು 3.517ರಿಂದ ಭಾಗಿಸಿ ಟನ್ ಕಂಡುಹಿಡಿಯಲು ಹೋದರೆ ಅರ್ಧ ಟನ್ನೂ ಬರುವುದಿಲ್ಲ. ಲೆಕ್ಕ ಸರಿ, ಪ್ರಶ್ನೆ ತಪ್ಪು.

ನಮ್ಮ ಕಡೆಯವರಿಗೆ ಮುಖ್ಯವಾದದ್ದು ಇನ್ನೊಂದಿದೆ. ಲೇಬಲ್ ಮೇಲಿನ ಕೂಲಿಂಗ್ ಅಂಕಿಯನ್ನು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇಟ್ಟು ಅಳೆದಿರುತ್ತಾರೆ. ಹೊರಗೆ 42 ಇದ್ದಾಗ ಅದೇ ಎಸಿ ಅಷ್ಟು ಶಾಖ ಸಾಗಿಸುವುದಿಲ್ಲ, ಕರೆಂಟು ಮಾತ್ರ ಜಾಸ್ತಿ ಎಳೆಯುತ್ತದೆ. "52 ಡಿಗ್ರಿಯಲ್ಲೂ ಓಡುತ್ತದೆ" ಅನ್ನುವ ಜಾಹೀರಾತು ಓಡುತ್ತದೆ ಅಂತ ಮಾತ್ರ ಹೇಳುತ್ತದೆ, ಪೂರ್ತಿ ಟನ್ ಕೊಡುತ್ತದೆ ಅಂತ ಹೇಳುವುದಿಲ್ಲ. ಡೀಲರ್ ಹತ್ತಿರ 43 ಅಥವಾ 46 ಡಿಗ್ರಿಯಲ್ಲಿ ಎಷ್ಟು ವ್ಯಾಟ್ ಅಂತ ಕೇಳಿ. ಉತ್ತರ ಬರದಿದ್ದರೆ, ಮೇಲ್ಮಹಡಿ ಕೋಣೆಗೆ ಲೆಕ್ಕಕ್ಕಿಂತ ಒಂದು ಹಂತ ದೊಡ್ಡದನ್ನು ತೆಗೆದುಕೊಳ್ಳುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಬಾಯ್ಲರ್ ಮತ್ತು ಹೊಟ್ಟು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಕಾರಟಗಿ, ಗಂಗಾವತಿ, ಮಾನ್ವಿ ಕಡೆ ಸ್ಟೀಮ್ ರೈಸ್ ಮಾಡುವವರಿಗೆ ದಿನದ ಖರ್ಚು ಇದೇ. ಇಲ್ಲಿಯ ಟನ್ ಎಸಿಯ ಟನ್ ಅಲ್ಲ, ನಿಜವಾದ ತೂಕದ ಟನ್, 1,000 ಕೆಜಿ ಹಬೆ.

ಬಾಯ್ಲರ್ ಪ್ಲೇಟ್‌ನಲ್ಲಿ "ಗಂಟೆಗೆ 2 ಟನ್, ಫ್ರಮ್ ಆ್ಯಂಡ್ ಅಟ್ 100" ಅಂತ ಇದ್ದರೆ ಅರ್ಥ ಏನು? ಒಳಗೆ ಹೋಗುವ ನೀರು ಆಗಲೇ 100 ಡಿಗ್ರಿ ಕಾದಿದೆ, ಅದನ್ನು 100 ಡಿಗ್ರಿ ಹಬೆ ಮಾಡುವುದಷ್ಟೇ ಕೆಲಸ ಅಂತ ಊಹೆ. ಒಂದು ಕೆಜಿಗೆ ಸುಮಾರು 540 ಕಿಲೋಕ್ಯಾಲೊರಿ. ಆದ್ದರಿಂದ 2,000 × 540 = ಗಂಟೆಗೆ 10.8 ಲಕ್ಷ ಕಿಲೋಕ್ಯಾಲೊರಿ, ಸುಮಾರು 1,255 ಕಿಲೋವ್ಯಾಟ್.

ಆದರೆ ನಿಮ್ಮ ಟ್ಯಾಂಕಿನ ನೀರು 30 ಡಿಗ್ರಿ, ಹಬೆ ಬೇಕಿರುವುದು 10 ಕೆಜಿ ಪ್ರೆಶರ್‌ನಲ್ಲಿ (ಚದರ ಸೆಂಟಿಮೀಟರಿಗೆ 10 ಕೆಜಿ) ಅಂದುಕೊಳ್ಳಿ. ಆ ಪ್ರೆಶರ್‌ನ ಹಬೆಯಲ್ಲಿ ಕೆಜಿಗೆ ಸುಮಾರು 664 ಕಿಲೋಕ್ಯಾಲೊರಿ ಇರುತ್ತದೆ, ನೀರು ತಂದಿದ್ದು 30. ಉಳಿದ 634 ಬಾಯ್ಲರ್ ಕೊಡಬೇಕು. 10.8 ಲಕ್ಷವನ್ನು 634ರಿಂದ ಭಾಗಿಸಿದರೆ ಗಂಟೆಗೆ 1,700 ಕೆಜಿ. ಎರಡು ಟನ್ ಬಾಯ್ಲರ್ ಎರಡು ಟನ್ ಕೊಡುತ್ತಿಲ್ಲ ಅಂತ ಮಾರಿದವನ ಜೊತೆ ಜಗಳಕ್ಕೆ ಹೋಗುವ ಮುಂಚೆ ಇದನ್ನು ನೋಡಿ. ಬಳಸಿದ ಹಬೆಯ ಬಿಸಿನೀರನ್ನು ಚರಂಡಿಗೆ ಬಿಡದೆ ಟ್ಯಾಂಕಿಗೆ ವಾಪಸ್ ತಂದು ನೀರನ್ನು 80 ಡಿಗ್ರಿಗೆ ಏರಿಸಿದರೆ ಭಾಗಿಸುವ ಅಂಕಿ 584 ಆಗುತ್ತದೆ, ಅದೇ ಬಾಯ್ಲರ್‌ನಿಂದ 1,850 ಕೆಜಿ ಸಿಗುತ್ತದೆ.

ಈಗ ಹೊಟ್ಟು. ನೆಲ್ಲಿನ ಹೊಟ್ಟಿಗೆ ಕೆಜಿಗೆ ಸುಮಾರು 3,000 ಕಿಲೋಕ್ಯಾಲೊರಿ. ಬಾಯ್ಲರ್ ದಕ್ಷತೆ 70 ಪರ್ಸೆಂಟ್ ಅಂದರೆ ಒಳಗೆ ಹಾಕಬೇಕಾದ ಶಾಖ 10.8 ÷ 0.70 = 15.4 ಲಕ್ಷ. ಅದನ್ನು 3,000ದಿಂದ ಭಾಗಿಸಿ, ಗಂಟೆಗೆ ಸುಮಾರು 515 ಕೆಜಿ ಹೊಟ್ಟು. ದಕ್ಷತೆಯಿಂದ ಭಾಗಿಸಬೇಕು, ಗುಣಿಸಬಾರದು. ಗುಣಿಸಿದರೆ 252 ಕೆಜಿ ಬಂದು ಖುಷಿ ಆಗುತ್ತದೆ, ತಿಂಗಳ ಕೊನೆಗೆ ಹೊಟ್ಟಿನ ರಾಶಿ ನೋಡಿದಾಗ ಖುಷಿ ಇಳಿಯುತ್ತದೆ.

ಹಳೆಯ ಇಂಪೋರ್ಟೆಡ್ ಬಾಯ್ಲರ್ ಮೇಲೆ ಬಾಯ್ಲರ್ ಎಚ್‌ಪಿ ಅಂತ ಇದ್ದರೆ ಅದನ್ನು ಮೋಟಾರ್ ಎಚ್‌ಪಿ ಅಂತ ಓದಬೇಡಿ. ಮೋಟಾರಿನದು 0.746 ಕಿಲೋವ್ಯಾಟ್, ಬಾಯ್ಲರಿನದು 9.81. ಹದಿಮೂರು ಪಟ್ಟು ವ್ಯತ್ಯಾಸ.

ಕೋಲ್ಡ್ ಸ್ಟೋರೇಜ್, ಕೂಲಿಂಗ್ ಟವರ್

ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗೆ 100 ಟಿಆರ್ ಪ್ಲಾಂಟ್ ಅಂದರೆ 351.7 ಕಿಲೋವ್ಯಾಟ್ ಶಾಖ ಒಳಗಿಂದ ತೆಗೆಯುತ್ತದೆ. ಆ ಶಾಖ ಎಲ್ಲಿ ಹೋಗುತ್ತದೆ? ಹೊರಗಿನ ಕಂಡೆನ್ಸರ್‌ಗೆ, ಜೊತೆಗೆ ಕಂಪ್ರೆಸರ್ ತಿಂದ ಕರೆಂಟೂ ಶಾಖವಾಗಿ ಅಲ್ಲಿಗೇ ಹೋಗುತ್ತದೆ. ಕಂಪ್ರೆಸರ್ 90 ಕಿಲೋವ್ಯಾಟ್ ಎಳೆದರೆ ಕಂಡೆನ್ಸರ್ ಹೊರಹಾಕಬೇಕಾದದ್ದು ಸುಮಾರು 442. ಈ ಕಾರಣಕ್ಕೇ ಕೂಲಿಂಗ್ ಟವರ್ (ಕಂಡೆನ್ಸರ್‌ನ ನೀರನ್ನು ತಣಿಸುವ ಗೋಪುರ) ಮಾರುವವರ ಟನ್ ದೊಡ್ಡದು: ಗಂಟೆಗೆ 15,000 ಬಿಟಿಯು, ಅಂದರೆ 3,780 ಕಿಲೋಕ್ಯಾಲೊರಿ, 4.4 ಕಿಲೋವ್ಯಾಟ್. ಟವರ್ ಕೊಟೇಶನ್‌ನಲ್ಲಿ ಟನ್ ಅಂತ ಇದ್ದರೆ ಯಾವ ಟನ್ ಅಂತ ಬರೆಸಿಕೊಳ್ಳಿ. 3,024 ಹಿಡಿದ ಟವರ್ ಬಂದು ಕೂತರೆ ಏಪ್ರಿಲ್‌ನಲ್ಲಿ ಪ್ಲಾಂಟ್ ಪದೇಪದೇ ಟ್ರಿಪ್ ಆಗುತ್ತದೆ.

ನೀರಿನಿಂದ ಪರೀಕ್ಷೆ

ಕಿಲೋಕ್ಯಾಲೊರಿ ಹಳೆಯ ಅಳತೆ ಅಂತ ಕಾಲೇಜಿನಲ್ಲಿ ಮೂಗು ಮುರಿಯುತ್ತಾರೆ. ನನಗಂತೂ ಅದೇ ಇಷ್ಟ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೋಕ್ಯಾಲೊರಿ, ಅಷ್ಟೇ. ಗಂಟೆಗೆ ಹರಿಯುವ ಲೀಟರನ್ನು ಡಿಗ್ರಿ ವ್ಯತ್ಯಾಸದಿಂದ ಗುಣಿಸಿದರೆ ಪವರ್ ಕೈಗೆ ಸಿಕ್ಕಿತು. ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಪೈಪಿನಲ್ಲಿ ಗಂಟೆಗೆ 10,000 ಲೀಟರ್ ಹರಿಯುತ್ತಿದೆ, 12 ಡಿಗ್ರಿ ಒಳಗೆ ಹೋಗಿ 7 ಡಿಗ್ರಿ ಹೊರಗೆ ಬರುತ್ತಿದೆ. 10,000 × 5 = 50,000. 3,024ರಿಂದ ಭಾಗಿಸಿ, 16.5 ಟಿಆರ್. ಪ್ಲೇಟ್ ಮೇಲೆ 20 ಅಂತ ಬರೆದಿದ್ದರೆ ಸರ್ವಿಸ್‌ನವರನ್ನು ಕರೆಯಲು ಕಾರಣ ಸಿಕ್ಕಿತು.

ಮನೆಯ ಗೀಜರ್‌ಗೂ ಇದೇ ನಡೆಯುತ್ತದೆ. 15 ಲೀಟರ್, 25ರಿಂದ 60 ಡಿಗ್ರಿಗೆ, 525 ಕಿಲೋಕ್ಯಾಲೊರಿ. 2 ಕಿಲೋವ್ಯಾಟ್ ಅಂದರೆ ಗಂಟೆಗೆ 1,720. ಹದಿನೆಂಟು ನಿಮಿಷ ಚಿಲ್ಲರೆ. ಮುಕ್ಕಾಲು ಗಂಟೆ ಆದರೂ ಲೈಟ್ ಆರದಿದ್ದರೆ ಎಲಿಮೆಂಟ್ ಮೇಲೆ ಉಪ್ಪು ಕಟ್ಟಿದೆಯಾ, ವೋಲ್ಟೇಜ್ ಕಡಿಮೆ ಇದೆಯಾ ಅಂತ ನೋಡಿಸಿ.

ಶಕ್ತಿನಗರದ ಲೆಕ್ಕ

ಶಕ್ತಿನಗರದ ಆರ್‌ಟಿಪಿಎಸ್‌ನಲ್ಲಿ (ರಾಯಚೂರು ಥರ್ಮಲ್ ಪವರ್ ಸ್ಟೇಷನ್) 210 ಮೆಗಾವ್ಯಾಟ್‌ನ ಏಳು ಘಟಕ, 250ರದ್ದು ಒಂದು, ಒಟ್ಟು 1,720 ಮೆಗಾವ್ಯಾಟ್. ಇದು ಹೊರಗೆ ಬರುವ ಕರೆಂಟಿನ ಅಳತೆ. ಒಳಗೆ ಉರಿಯುವ ಶಾಖ ಎಷ್ಟು ಅಂತ ತಿಳಿಯಲು ಹೀಟ್ ರೇಟ್ ಬೇಕು, ಅಂದರೆ ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಿಲೋಕ್ಯಾಲೊರಿ. ಉದಾಹರಣೆಗೆ 2,500 ಅಂತ ಇಟ್ಟುಕೊಳ್ಳೋಣ. ನಷ್ಟವೇ ಇಲ್ಲದಿದ್ದರೆ 860 ಸಾಕಾಗಿತ್ತು, ಹಾಗಾಗಿ 860 ÷ 2,500, ದಕ್ಷತೆ 34.4 ಪರ್ಸೆಂಟ್. 210 ಮೆಗಾವ್ಯಾಟ್ ಅಂದರೆ 2,10,000 ಕಿಲೋವ್ಯಾಟ್. 2,500ರಿಂದ ಗುಣಿಸಿದರೆ ಗಂಟೆಗೆ 52.5 ಕೋಟಿ ಕಿಲೋಕ್ಯಾಲೊರಿ, 860ರಿಂದ ಭಾಗಿಸಿದರೆ 610 ಮೆಗಾವ್ಯಾಟ್ ಶಾಖ. ಕೆಜಿಗೆ 3,500 ಕಿಲೋಕ್ಯಾಲೊರಿಯ ಕಲ್ಲಿದ್ದಲಾದರೆ ಒಂದೇ ಘಟಕಕ್ಕೆ ಗಂಟೆಗೆ 150 ಟನ್. ಉಳಿದ 400 ಮೆಗಾವ್ಯಾಟ್ ಚಿಮಣಿಗೂ ಕೃಷ್ಣೆಯಿಂದ ತಂದ ತಂಪು ನೀರಿಗೂ ಹೋಗುತ್ತದೆ. ಕುಡತಿನಿ, ಯರಮರಸ್ ಕೇಂದ್ರಗಳ ಅಂಕಿಯನ್ನೂ ಹೀಗೆಯೇ ಹಾಕಿ ನೋಡಬಹುದು. ವರದಿಯಲ್ಲಿ ಮೆಗಾವ್ಯಾಟ್ ಪಕ್ಕ ಥರ್ಮಲ್ ಅಂತ ಇದೆಯಾ, ಎಲೆಕ್ಟ್ರಿಕಲ್ ಅಂತ ಇದೆಯಾ ನೋಡಿಕೊಳ್ಳಿ.

ಗ್ಯಾಸ್ ಬಿಟ್ಟು ಕರೆಂಟಿಗೆ ಬರುವುದಾದರೆ

ಕೊನೆಗೆ ಎಲ್ಲ ಹೆಜ್ಜೆಯೂ ಬರುವ ಒಂದು ಲೆಕ್ಕ. ಕೊಪ್ಪಳದ ಒಂದು ಒಗ್ಗರಣಿ-ಮಿರ್ಚಿ ಅಂಗಡಿ. ದಿನಕ್ಕೆ ಎಂಟು ಗಂಟೆ ಒಲೆ, 19 ಕೆಜಿ ಸಿಲಿಂಡರ್ ಎರಡು ದಿನಕ್ಕೆ ಖಾಲಿ. ಕರೆಂಟ್ ಫ್ರೈಯರ್ ಹಾಕಿದರೆ ಎಷ್ಟು ಕಿಲೋವ್ಯಾಟ್ ಬೇಕು?

19 ÷ 16 = ಗಂಟೆಗೆ 1.19 ಕೆಜಿ. 11,000ದಿಂದ ಗುಣಿಸಿ, ಸುಮಾರು 13,060 ಕಿಲೋಕ್ಯಾಲೊರಿ. 860ರಿಂದ ಭಾಗಿಸಿ, 15.2 ಕಿಲೋವ್ಯಾಟ್. ಇಲ್ಲಿಗೆ ನಿಲ್ಲಿಸಿ 15 ಕಿಲೋವ್ಯಾಟ್ ಫ್ರೈಯರ್ ತಂದರೆ ದುಡ್ಡು ದಂಡ. ಇದು ಒಲೆಗೆ ಹೋದ ಶಾಖ, ಎಣ್ಣೆಗೆ ಹೋದದ್ದಲ್ಲ. ತೆರೆದ ದೊಡ್ಡ ಒಲೆಯಲ್ಲಿ ಅರ್ಧ ಎಣ್ಣೆಗೆ ಸೇರುತ್ತದೆ ಅಂತ ಹಿಡಿದರೆ 7.6. ಫ್ರೈಯರ್‌ನ ದಕ್ಷತೆ 85 ಪರ್ಸೆಂಟ್ ಅಂದರೆ 7.6 ÷ 0.85, ಹತ್ತಿರ ಹತ್ತಿರ 9 ಕಿಲೋವ್ಯಾಟ್. ಇದು ಸರಾಸರಿ ಮಾತ್ರ, ಸಂಜೆ ಐದರಿಂದ ಎಂಟರವರೆಗೆ ಬಾಣಲೆ ಬಿಡುವಿಲ್ಲದೆ ಓಡುವ ಅಂಗಡಿಗೆ 12 ಹಿಡಿಯುವುದು ಒಳ್ಳೆಯದು. ಅಷ್ಟು ಲೋಡ್ ಈಗಿನ ಮೀಟರ್‌ನಲ್ಲಿ ಮಂಜೂರಾಗಿದೆಯಾ, ಸಿಂಗಲ್ ಫೇಸಾ ತ್ರೀ ಫೇಸಾ ಅಂತ ಜೆಸ್ಕಾಂ ಬಿಲ್ಲಿನಲ್ಲಿ ನೋಡಿ, ಆಮೇಲೆ ಫ್ರೈಯರ್‌ಗೆ ಅಡ್ವಾನ್ಸ್ ಕೊಡಿ.